ಅಷ್ಟೊಂದು ಕ್ಯಾಮೆರಾ ಇದ್ದೂ ಸ್ಕಾಟ್ಲೆಂಡ್‌ಗೆ ಆ ಟ್ರೈ ಯಾಕೆ ಸಿಗಲಿಲ್ಲ?

ಪ್ರಶ್ನೆ: ನಾನು ಮೈಸೂರಿನವನು, ಕ್ರಿಕೆಟ್ ನೋಡಿಕೊಂಡೇ ಬೆಳೆದವನು. 2025ರಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಟ ನೋಡಿದ ಮೇಲೆ ರಗ್ಬಿ ಹುಚ್ಚು ಹಿಡಿದಿದೆ. ಹಳೇ ಪಂದ್ಯಗಳನ್ನು ಹುಡುಕಿ ನೋಡುತ್ತಿದ್ದೇನೆ. 2024ರ ಸ್ಕಾಟ್ಲೆಂಡ್-ಫ್ರಾನ್ಸ್ ಪಂದ್ಯದ ಕೊನೆಯಲ್ಲಿ ಚೆಂಡು ನೆಲ ಮುಟ್ಟಿದ್ದು ನನಗೇ ಕಾಣಿಸಿತು, ಟಿವಿ ಅಂಪೈರ್‌ಗೆ ಯಾಕೆ ಕಾಣಿಸಲಿಲ್ಲ? ಕ್ರಿಕೆಟ್‌ನಲ್ಲಿರುವ ಹಾಗೆ ಇಲ್ಲೂ ಕ್ಯಾಪ್ಟನ್‌ಗೆ ರಿವ್ಯೂ ಕೊಟ್ಟರೆ ಇದೆಲ್ಲ ಸರಿಹೋಗುವುದಿಲ್ಲವೇ?

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನನಗೂ ಆ ಚೆಂಡು ನೆಲ ಮುಟ್ಟಿತು ಅಂತಲೇ ಅನ್ನಿಸುತ್ತದೆ. ಆದರೂ ಅವತ್ತು ಟಿವಿ ಮುಂದೆ ಕೂತಿದ್ದವರು ನಿಯಮ ಮೀರಲಿಲ್ಲ. ಎರಡೂ ಒಟ್ಟಿಗೆ ಹೇಗೆ ನಿಜ ಆಗುತ್ತದೆ ಅನ್ನೋದೇ ರಗ್ಬಿಯ ವಿಡಿಯೋ ತೀರ್ಪಿನ ಒಳಗುಟ್ಟು. ಅದು ತಿಳಿದರೆ ಮುಂದೆ ನೀವು ಯಾವ ಪಂದ್ಯ ನೋಡಿದರೂ ಅರ್ಧ ಸಿಟ್ಟು ಕಡಿಮೆಯಾಗುತ್ತದೆ. ಉಳಿದರ್ಧ ಸಿಟ್ಟು ಎಲ್ಲಿಗೆ ಸಲ್ಲಬೇಕೋ ಅಲ್ಲಿಗೆ ಹೋಗುತ್ತದೆ.

ಆ ಪಂದ್ಯ ನೋಡದವರಿಗಾಗಿ ಸ್ವಲ್ಪ ವಿವರ. 2024ರ ಫೆಬ್ರವರಿ 10, ಎಡಿನ್‌ಬರೋದ ಮರ್ರೇಫೀಲ್ಡ್ ಮೈದಾನ. ಯುರೋಪಿನ ಆರು ದೇಶಗಳ ಟೂರ್ನಿಯಾದ ಸಿಕ್ಸ್ ನೇಷನ್ಸ್ ಪಂದ್ಯ. ಫ್ರಾನ್ಸ್ 20, ಸ್ಕಾಟ್ಲೆಂಡ್ 16. ಎಂಬತ್ತು ನಿಮಿಷ ಮುಗಿದಿದೆ, ಚೆಂಡು ಇನ್ನೂ ಸ್ಕಾಟ್ಲೆಂಡ್ ಕೈಯಲ್ಲಿದೆ. ಒಂದು ಟ್ರೈ (ಎದುರಾಳಿಯ ಗೋಲ್ ಲೈನ್ ಮೇಲೋ ಅದರಾಚೆಗೋ ಚೆಂಡನ್ನು ನೆಲ ಮುಟ್ಟಿಸುವುದು) ಸಿಕ್ಕರೆ 5 ಪಾಯಿಂಟ್, ಪಂದ್ಯ ಗೆದ್ದ ಹಾಗೆ. ಅವರ ಫಾರ್ವರ್ಡ್‌ಗಳು ಗೋಲ್ ಲೈನ್ ಮೇಲೆ ಒಟ್ಟಾಗಿ ನುಗ್ಗುತ್ತಾರೆ, ಸ್ಯಾಮ್ ಸ್ಕಿನ್ನರ್ ಕೈಯಲ್ಲಿ ಚೆಂಡು, ಮೇಲೆ ಕೆಳಗೆ ಎರಡೂ ತಂಡದ ಮೈಗಳ ರಾಶಿ. ಆಸ್ಟ್ರೇಲಿಯಾದ ರೆಫರಿ ನಿಕ್ ಬೆರಿ ಬಗ್ಗಿ ನೋಡುತ್ತಾರೆ. ಅವರಿಗೆ ಕಂಡದ್ದು ಒಬ್ಬ ಆಟಗಾರನ ಕಾಲಿನ ಮೇಲೆ ನಿಂತಿರುವ ಚೆಂಡು. ಹಾಗಾಗಿ ಮೈದಾನದ ನನ್ನ ತೀರ್ಪು ‘ಟ್ರೈ ಅಲ್ಲ’ ಎಂದು ಹೇಳಿ, ಕೈಯಲ್ಲಿ ಗಾಳಿಯಲ್ಲೇ ಟಿವಿಯ ಚೌಕ ಬರೆದು, ಐರ್ಲೆಂಡ್‌ನ ಟಿಎಂಒ ಬ್ರಯಾನ್ ಮ್ಯಾಕ್‌ನೀಸ್ ಅವರಿಗೆ ಒಪ್ಪಿಸುತ್ತಾರೆ. ಟಿಎಂಒ ಅಂದರೆ ಟೆಲಿವಿಷನ್ ಮ್ಯಾಚ್ ಅಫಿಶಿಯಲ್, ನಮ್ಮ ಥರ್ಡ್ ಅಂಪೈರ್ ಇದ್ದ ಹಾಗೆ.

ಮುಂದಿನದನ್ನು ನೀವು ಕೇಳಿರುತ್ತೀರಿ. ರೆಫರಿ ಮತ್ತು ಟಿಎಂಒ ಮಾತು ನೇರ ಪ್ರಸಾರದಲ್ಲೇ ಬರುತ್ತದೆ. ಒಂದು ಕೋನದಲ್ಲಿ ಚೆಂಡು ಬೂಟಿನ ಮೇಲಿಂದ ಜಾರಿ ನೆಲದ ಕಡೆ ಇಳಿಯುವುದು ಕಾಣುತ್ತದೆ. ಮ್ಯಾಕ್‌ನೀಸ್ ಅದನ್ನು ಹಾಗೆಯೇ ಬಾಯಿಬಿಟ್ಟು ಹೇಳುತ್ತಾರೆ, ಟ್ರೈ ಕೊಟ್ಟೇಬಿಟ್ಟರು ಅಂತ ಎಲ್ಲರಿಗೂ ಅನ್ನಿಸುತ್ತದೆ. ಆಮೇಲೆ ಮತ್ತೆ ಮತ್ತೆ ನೋಡಿ, ಮೈದಾನದ ತೀರ್ಪು ಬದಲಿಸುವಷ್ಟು ಖಚಿತ ಪುರಾವೆ ಇಲ್ಲ ಎನ್ನುತ್ತಾರೆ. ಸಮಯ ಮುಗಿದಿದ್ದರಿಂದ ಅಲ್ಲಿಗೆ ಆಟವೂ ಮುಗಿಯಿತು.

ಈಗ ವಿಷಯಕ್ಕೆ ಬರೋಣ. ಅದೇ ರಾಶಿ, ಅದೇ ಚಿತ್ರಗಳು. ಬೆರಿ ಮಾತ್ರ ‘ಮೈದಾನದ ನನ್ನ ತೀರ್ಪು ಟ್ರೈ’ ಎಂದಿದ್ದರು ಅಂತ ಇಟ್ಟುಕೊಳ್ಳಿ. ಆಗ ಟಿಎಂಒ ಹುಡುಕಬೇಕಾಗಿದ್ದು ಚೆಂಡು ನೆಲ ಮುಟ್ಟಲೇ ಇಲ್ಲ ಅನ್ನೋದಕ್ಕೆ ಪುರಾವೆ. ಅದೂ ಆ ಚಿತ್ರಗಳಲ್ಲಿ ಇರಲಿಲ್ಲ. ಟ್ರೈ ಉಳಿಯುತ್ತಿತ್ತು, ಸ್ಕಾಟ್ಲೆಂಡ್ ಗೆಲ್ಲುತ್ತಿತ್ತು. ಅಂದರೆ ಪಂದ್ಯ ತೀರ್ಮಾನವಾದದ್ದು ಟಿವಿ ನೋಡಿದಾಗ ಅಲ್ಲ, ಅದಕ್ಕೂ ಮೊದಲು ರೆಫರಿ ಬಾಯಿಂದ ಬಂದ ಒಂದು ಮಾತಿನಲ್ಲಿ. ಕ್ಯಾಮೆರಾ ತಾನಾಗಿ ಏನೂ ಹೇಳುವುದಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಕೊಡುತ್ತದೆ ಅಷ್ಟೆ. ಪ್ರಶ್ನೆ ತಿರುಗಿಸಿದರೆ ಅದೇ ಚಿತ್ರದಿಂದ ಬೇರೆ ಉತ್ತರ ಬರುತ್ತದೆ.

ಹಿಂದೆ ರೆಫರಿಗಳು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಒಂದು, ‘ಟ್ರೈ ಹೌದಾ ಅಲ್ಲವಾ?’ ಇದನ್ನು ಕೇಳಿದರೆ ರೆಫರಿಗೆ ಏನೂ ಗೊತ್ತಾಗಿಲ್ಲ, ಚೆಂಡು ನೆಲ ಮುಟ್ಟಿದ್ದನ್ನು ಟಿಎಂಒ ಕಂಡರೆ ಮಾತ್ರ ಟ್ರೈ. ಇನ್ನೊಂದು, ‘ನಾನು ಈ ಟ್ರೈ ಕೊಡಬಾರದು ಅನ್ನೋದಕ್ಕೆ ಏನಾದರೂ ಕಾರಣ ಇದೆಯಾ?’ ಇಲ್ಲಿ ರೆಫರಿ ಮನಸ್ಸಿನಲ್ಲಿ ಟ್ರೈ ಕೊಟ್ಟಾಗಿದೆ, ಟಿಎಂಒ ತಪ್ಪು ತೋರಿಸಬೇಕು. ಈಗ ‘ಮೈದಾನದ ತೀರ್ಪು’ ಅಂತ ಮೊದಲೇ ಹೇಳುವ ಪದ್ಧತಿ ಬಂದಿದೆ. ಕ್ರಿಕೆಟ್‌ನ ಸಾಫ್ಟ್ ಸಿಗ್ನಲ್ ನೆನಪಿದೆ ಅಲ್ವಾ? ಕ್ಯಾಚ್ ಸರಿಯಾಗಿ ಹಿಡಿದರೋ ಇಲ್ಲವೋ ಅಂತ ಥರ್ಡ್ ಅಂಪೈರ್‌ಗೆ ಕಳಿಸುವ ಮೊದಲು ಮೈದಾನದ ಅಂಪೈರ್ ಔಟ್ ಅಂತಲೋ ನಾಟೌಟ್ ಅಂತಲೋ ಹೇಳಲೇಬೇಕಿತ್ತು. ಅವರಿಗೇ ಕಾಣದ್ದನ್ನು ಹೇಳಿಸುವುದು ಸರಿಯಲ್ಲ ಅಂತ ಐಸಿಸಿ ಅದನ್ನು 2023ರಲ್ಲಿ ಕೈಬಿಟ್ಟಿತು. ರಗ್ಬಿ ಅದನ್ನೇ ಹಿಡಿದುಕೊಂಡಿದೆ. ನನ್ನ ಪ್ರಕಾರ ರಗ್ಬಿಗೆ ಅದು ಬೇಕೇ ಬೇಕು, ಯಾಕೆಂದರೆ ಇಲ್ಲಿ ಕ್ಯಾಮೆರಾಗೆ ಏನೂ ಕಾಣದ ಸಂದರ್ಭ ಬಹಳ ಜಾಸ್ತಿ. ಎಂಟು ಹತ್ತು ದೊಡ್ಡ ಆಳುಗಳ ಅಡಿಯಲ್ಲಿರುವ ಚೆಂಡಿಗೆ ಎರಡಡಿ ದೂರದಲ್ಲಿ ಮೊಣಕಾಲೂರಿ ಕೂತ ರೆಫರಿಯ ಕಣ್ಣೇ ಎಷ್ಟೋ ಸಲ ಒಳ್ಳೆಯ ಸಾಕ್ಷಿ. ಆದರೆ ರೆಫರಿಗೂ ಕಾಣಲಿಲ್ಲ ಅಂದರೆ ‘ನನಗೆ ಗೊತ್ತಿಲ್ಲ’ ಅನ್ನೋ ಸ್ವಾತಂತ್ರ್ಯ ಅವರಿಗಿರಬೇಕು. ಸುಮ್ನೆ ಅಂದಾಜಿನ ಮೇಲೆ ಹೇಳಿದ ಮಾತಿಗೆ ಅಷ್ಟು ತೂಕ ಬರಬಾರದು.

ನೆಲ ಮುಟ್ಟಿಸುವುದರ ಬಗ್ಗೆ ಇನ್ನೊಂದು ವಿಷಯ ಹೇಳಬೇಕು, ಯಾಕೆಂದರೆ ಕಾಮೆಂಟರಿಯವರೇ ಇದನ್ನು ತಪ್ಪು ಹೇಳುತ್ತಾರೆ. ಚೆಂಡನ್ನು ‘ಕೆಳಕ್ಕೆ ಒತ್ತಿಲ್ಲ’ ಅಂತ ಆಗಾಗ ಕೇಳಿರುತ್ತೀರಿ. ಕೈಯಲ್ಲಿ ಹಿಡಿದ ಚೆಂಡಾದರೆ ಒತ್ತಬೇಕಾಗಿಯೇ ಇಲ್ಲ. ಗೋಲ್ ಲೈನ್ ಮೇಲೋ ಅದರಾಚೆಗೋ ನೆಲಕ್ಕೆ ತಾಗಿದರೆ ಸಾಕು. ಒತ್ತಬೇಕಾದ್ದು ನೆಲದಲ್ಲಿ ಉರುಳುತ್ತಿರುವ, ಯಾರ ಕೈಯಲ್ಲೂ ಇಲ್ಲದ ಚೆಂಡನ್ನು. ಅದನ್ನು ಕೈಯಿಂದಾದರೂ ಒತ್ತಬಹುದು, ಸೊಂಟದಿಂದ ಕತ್ತಿನವರೆಗಿನ ಮೈ ಮುಂಭಾಗದಿಂದಾದರೂ ಒತ್ತಬಹುದು. ಸ್ಕಿನ್ನರ್ ಕೈಯಲ್ಲಿದ್ದದ್ದು ಹಿಡಿದ ಚೆಂಡು. ಹುಲ್ಲಿನ ಎಸಳಿಗೆ ತಾಗಿದ್ದರೂ ಟ್ರೈ. ಆದರೆ ಆ ತಾಗಿದ ಕ್ಷಣ ಯಾವ ಚಿತ್ರದಲ್ಲೂ ಸ್ಪಷ್ಟವಾಗಿ ಇರಲಿಲ್ಲ. ಬೂಟಿನಿಂದ ಇಳಿಯುವ ಚೆಂಡು ಇತ್ತು, ಆಮೇಲೆ ಯಾರದೋ ಕೈ ಅಡ್ಡ. ನಾವು ಮನೆಯಲ್ಲಿ ಕೂತು ‘ಅಷ್ಟು ಕೆಳಗೆ ಬಂದ ಮೇಲೆ ಇನ್ನೆಲ್ಲಿಗೆ ಹೋಗುತ್ತೆ’ ಅಂತ ಮನಸ್ಸಿನಲ್ಲೇ ಉಳಿದದ್ದನ್ನು ತುಂಬಿಕೊಳ್ಳುತ್ತೇವೆ. ಟಿಎಂಒ ಹಾಗೆ ತುಂಬಿಕೊಳ್ಳಬಾರದು ಅನ್ನೋದು ನಿಯಮ.

ಗೆರೆಯ ವಿಷಯಕ್ಕೆ ಬಂದರೆ ಕ್ಯಾಮೆರಾ ನಿಜವಾಗಿಯೂ ಗೆಲ್ಲುತ್ತದೆ. 2007ರ ಅಕ್ಟೋಬರ್ 20ರ ವಿಶ್ವಕಪ್ ಫೈನಲ್ ನೋಡಿ, ಪ್ಯಾರಿಸ್‌ನ ಸ್ಟಾಡ್ ದ ಫ್ರಾನ್ಸ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಇಂಗ್ಲೆಂಡ್. ದ್ವಿತೀಯಾರ್ಧ ಶುರುವಾಗಿ ಸ್ವಲ್ಪ ಹೊತ್ತಿಗೇ ಮ್ಯಾಥ್ಯೂ ಟೇಟ್ ರಕ್ಷಣೆಯನ್ನು ಸೀಳಿ ಓಡುತ್ತಾರೆ, ಮುಂದಿನ ಚಲನೆಯಲ್ಲಿ ಚೆಂಡು ಎಡ ಮೂಲೆಯ ಮಾರ್ಕ್ ಕ್ಯೂಟೊ ಕೈಗೆ ಬರುತ್ತದೆ. ಅವರು ಮೂಲೆಗೆ ಹಾರಿದಾಗ ಡ್ಯಾನಿ ರೊಸೌ ಪಕ್ಕದಿಂದ ಬಂದು ಡಿಕ್ಕಿ ಹೊಡೆಯುತ್ತಾರೆ. ರೆಫರಿ ಅಲೈನ್ ರೋಲ್ಯಾಂಡ್ ಟಿಎಂಒ ಸ್ಟುವರ್ಟ್ ಡಿಕಿನ್ಸನ್ ಅವರನ್ನು ಕೇಳಿದರು. ನಿಮಿಷಗಟ್ಟಲೆ ನೋಡಿದ ಮೇಲೆ ಬಂದ ಉತ್ತರ: ಚೆಂಡು ನೆಲ ಮುಟ್ಟುವ ಮೊದಲೇ ಕ್ಯೂಟೊ ಎಡಗಾಲು ಮೈದಾನದ ಪಕ್ಕದ ಟಚ್ ಗೆರೆಗೆ ತಾಗಿತ್ತು. ಟ್ರೈ ಇಲ್ಲ. ಹಿಂದಿನ ತಪ್ಪಿಗೆ ಸಿಕ್ಕಿದ ಪೆನಾಲ್ಟಿಯನ್ನು ಜಾನಿ ವಿಲ್ಕಿನ್‌ಸನ್ ಒದ್ದು 9-6 ಮಾಡಿದರು, ಪಂದ್ಯ 15-6ಕ್ಕೆ ದಕ್ಷಿಣ ಆಫ್ರಿಕಾ ಪಾಲಾಯಿತು. ಇಂಗ್ಲೆಂಡ್ ಅಭಿಮಾನಿಗಳು ಇವತ್ತಿಗೂ ಒಪ್ಪುವುದಿಲ್ಲ. ನಾನು ಡಿಕಿನ್ಸನ್ ಪರ. ಕಾಲು, ಬಿಳಿ ಗೆರೆ, ಚೆಂಡು ಮೂರೂ ಒಂದೇ ಚಿತ್ರದಲ್ಲಿ ಬಂದರೆ ಅಲ್ಲಿ ಅಭಿಪ್ರಾಯಕ್ಕೆ ಜಾಗ ಕಡಿಮೆ.

ಕಡಿಮೆ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಕ್ಯಾಮೆರಾ ಸೆಕೆಂಡಿಗೆ 50 ಚಿತ್ರ ತೆಗೆಯುತ್ತದೆ ಅಂತ ಇಟ್ಟುಕೊಳ್ಳಿ, ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸೆಕೆಂಡಿನ ಐವತ್ತನೇ ಒಂದು ಭಾಗ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಹೋಗುತ್ತಿರುವ ಕಾಲು ಅಷ್ಟರಲ್ಲಿ 16 ಸೆಂಟಿಮೀಟರ್ ಸರಿದಿರುತ್ತದೆ. ಒಂದು ಚಿತ್ರದಲ್ಲಿ ಕಾಲು ಗಾಳಿಯಲ್ಲಿದೆ, ಮುಂದಿನದರಲ್ಲಿ ಗೆರೆಯಾಚೆ ಇದೆ, ಚೆಂಡು ಮುಟ್ಟಿದ್ದು ಆ ಎರಡರ ಮಧ್ಯೆ. ಹೈಸ್ಪೀಡ್ ಕ್ಯಾಮೆರಾ ಬಂದ ಮೇಲೆ ಈ ಸಂದು ಕಿರಿದಾಗಿದೆ, ಪೂರ್ತಿ ಮುಚ್ಚಿಲ್ಲ.

ಫಾರ್ವರ್ಡ್ ಪಾಸ್ ವಿಷಯ ಇನ್ನೂ ಕಷ್ಟ, ಹೊಸಬರು ಜಾಸ್ತಿ ಎಡವುವುದೂ ಇಲ್ಲೇ. ಪಾಸ್ ಮುಂದಕ್ಕೆ ಹೋಗಬಾರದು, ಸರಿ. ಆದರೆ ಸೆಕೆಂಡಿಗೆ 8 ಮೀಟರ್ ಓಡುತ್ತಿರುವವನು ಚೆಂಡನ್ನು ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಹಿಂದಕ್ಕೆ ಎಸೆದರೂ ಆ ಚೆಂಡು ನೆಲದ ಲೆಕ್ಕದಲ್ಲಿ ಸೆಕೆಂಡಿಗೆ 5 ಮೀಟರ್ ಮುಂದಕ್ಕೇ ಹೋಗುತ್ತದೆ! ಎಸೆದವನನ್ನು ತಕ್ಷಣ ಯಾರಾದರೂ ಹಿಡಿದು ನಿಲ್ಲಿಸಿದರಂತೂ ಚೆಂಡು ಅವನನ್ನು ದಾಟಿ ಮುಂದೆ ಹೋದ ಹಾಗೆ ಕಾಣುತ್ತದೆ. ಅದು ತಪ್ಪಲ್ಲ. ರೆಫರಿ ನೋಡಬೇಕಾದ್ದು ಚೆಂಡು ಕೈ ಬಿಡುವಾಗ ಕೈ ಯಾವ ಕಡೆಗಿತ್ತು ಅನ್ನೋದನ್ನು. ಟಿವಿಯಲ್ಲಿ ಹುಲ್ಲಿನ ಮೇಲಿನ ಗೆರೆಗಳ ಲೆಕ್ಕ ಹಿಡಿದು ‘ಎರಡು ಮೀಟರ್ ಮುಂದೆ ಹೋಗಿದೆ’ ಅಂತ ಕಿರುಚುವವರನ್ನು ನಂಬಬೇಡಿ. ಅದರ ಮೇಲೆ ಕ್ಯಾಮೆರಾ ಪಾಸ್‌ಗೆ ಸಮನಾಗಿ ಇಲ್ಲದೆ ಓರೆಯಾಗಿ ಹಿಂದಿನಿಂದ ನೋಡುತ್ತಿದ್ದರೆ ಸರಿಯಾದ ಪಾಸ್ ಕೂಡ ಮುಂದಕ್ಕೆ ಹೋದಂತೆ ಕಾಣುತ್ತದೆ. ಚೆಂಡಿನೊಳಗೇ ಚಿಪ್ ಇಟ್ಟು 2023ರ ಅಂಡರ್-20 ಚಾಂಪಿಯನ್‌ಶಿಪ್‌ನಲ್ಲಿ ಪರೀಕ್ಷೆ ಮಾಡಿದರು. ಗೆರೆ ದಾಟಿತೋ ಇಲ್ಲವೋ ಅನ್ನೋದಕ್ಕೆ ಅದು ಒಳ್ಳೆಯ ದಾರಿ ಅಂತ ನನಗನ್ನಿಸುತ್ತದೆ.

ಇಷ್ಟಾದರೂ ಬರೀ ಟ್ರೈ ಆಯಿತಾ ಇಲ್ಲವಾ ಅನ್ನೋದನ್ನು ಮಾತ್ರ ಟಿಎಂಒ ನೋಡುತ್ತಿದ್ದರೆ ಇಷ್ಟು ಗಲಾಟೆ ಇರುತ್ತಿರಲಿಲ್ಲ. ರಗ್ಬಿಯಲ್ಲಿ ಲೀಗ್ ಮತ್ತು ಯೂನಿಯನ್ ಅಂತ ಎರಡು ಬಗೆ, ಇಲ್ಲಿಯವರೆಗೆ ಹೇಳಿದ ಪಂದ್ಯಗಳೆಲ್ಲ ಯೂನಿಯನ್. ರಗ್ಬಿ ಲೀಗ್‌ನಲ್ಲಿ 1996ರಲ್ಲೇ ವಿಡಿಯೋ ರೆಫರಿ ಬಂದರು, ಯೂನಿಯನ್‌ನ 2003ರ ವಿಶ್ವಕಪ್‌ನಲ್ಲೂ ಟಿಎಂಒ ಇದ್ದರು. ಆಗ ಕೆಲಸ ಗೋಲ್ ಲೈನ್ ಸುತ್ತಮುತ್ತ ಮಾತ್ರ. ಆಮೇಲೆ ಒಂದೊಂದು ಅನ್ಯಾಯ ಕಂಡಾಗಲೂ ‘ಇದನ್ನೂ ನೋಡಲಿ’ ಅಂತ ಸೇರಿಸುತ್ತಾ ಬಂದರು.

ಆ ಒತ್ತಡ ಎಲ್ಲಿಂದ ಬರುತ್ತದೆ ಅನ್ನೋದಕ್ಕೆ 2015ರ ವಿಶ್ವಕಪ್ ಕ್ವಾರ್ಟರ್ ಫೈನಲ್ ಸಾಕು. ಮತ್ತೆ ಸ್ಕಾಟ್ಲೆಂಡ್, ಪಾಪ. ಟ್ವಿಕನ್‌ಹ್ಯಾಮ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ 34-32 ಮುಂದಿದ್ದಾರೆ, ಆಟ ಮುಗಿಯುವ ಹೊತ್ತು. ಲೈನ್‌ಔಟ್‌ನಲ್ಲಿ (ಪಕ್ಕದ ಗೆರೆಯಿಂದ ಎರಡೂ ತಂಡಗಳ ಸಾಲಿನ ಮಧ್ಯೆ ಚೆಂಡು ಎಸೆಯುವುದು) ಚೆಂಡು ಜಾರುತ್ತದೆ, ಮುಂದೆ ನಿಂತಿದ್ದ ಸ್ಕಾಟ್ಲೆಂಡ್‌ನ ಜಾನ್ ವೆಲ್ಶ್ ಅದನ್ನು ಹಿಡಿಯುತ್ತಾರೆ. ರೆಫರಿ ಕ್ರೇಗ್ ಜೌಬರ್ಟ್ ಆಫ್‌ಸೈಡ್ ಎಂದು ಪೆನಾಲ್ಟಿ ಕೊಟ್ಟರು. ಬರ್ನಾರ್ಡ್ ಫೋಲಿ ಒದ್ದರು, 35-34. ಮಧ್ಯೆ ಆಸ್ಟ್ರೇಲಿಯಾದ ಆಟಗಾರನ ಕೈ ಚೆಂಡಿಗೆ ತಾಗಿತ್ತು, ಹಾಗಾಗಿ ಪೆನಾಲ್ಟಿ ಅಲ್ಲ, ಸ್ಕ್ರಮ್ (ಎರಡೂ ತಂಡದ ಫಾರ್ವರ್ಡ್‌ಗಳು ಹೆಗಲು ಕೊಟ್ಟು ಚೆಂಡಿಗಾಗಿ ತಳ್ಳಾಡುವುದು) ಆಗಬೇಕಿತ್ತು ಎಂದು ಮರುದಿನ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿಯೇ ಹೇಳಿತು. ಟಿಎಂಒ ಯಾಕೆ ಹೇಳಲಿಲ್ಲ? ಅಂಥ ವಿಷಯ ಕೇಳಲು ಆಗಿನ ನಿಯಮದಲ್ಲಿ ಅವಕಾಶವೇ ಇರಲಿಲ್ಲ. ಇಡೀ ಕ್ರೀಡಾಂಗಣದ ದೊಡ್ಡ ಪರದೆಯಲ್ಲಿ ಕಾಣುವ ತಪ್ಪನ್ನು ರೆಫರಿ ಮಾತ್ರ ನೋಡುವಂತಿಲ್ಲ. ಜನಕ್ಕೆ ಇದು ಸಹಿಸಲು ಆಗುವುದಿಲ್ಲ, ಆಗಬೇಕು ಅಂತ ನಾನೂ ಹೇಳುವುದಿಲ್ಲ.

ಅದೇ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ ಇದರ ಉಲ್ಟಾ ನಡೆದಿತ್ತು. ಇಂಗ್ಲೆಂಡ್ ವಿರುದ್ಧ ಫಿಜಿಯ ನಿಕೋಲಾ ಮತವಾಲು ಮೂಲೆಗೆ ಹಾರಿದರು, ರೆಫರಿ ಜಾಕೋ ಪೈಪರ್ ಟ್ರೈ ಕೊಟ್ಟರು. ಬೆನ್ ವೊಲವೋಲ ಕನ್ವರ್ಷನ್ (ಟ್ರೈ ಆದ ಮೇಲೆ ಸಿಗುವ ಹೆಚ್ಚುವರಿ ಪಾಯಿಂಟ್‌ನ ಒದೆತ) ಒದೆಯಲು ತಯಾರಾಗುವಷ್ಟರಲ್ಲಿ ದೊಡ್ಡ ಪರದೆಯಲ್ಲಿ ರಿಪ್ಲೇ ಬಂತು, ಚೆಂಡು ಕೈ ಜಾರಿದ್ದು ಎಲ್ಲರಿಗೂ ಕಂಡಿತು, ಟ್ರೈ ವಾಪಸ್. ಕನ್ವರ್ಷನ್ ಒದೆಯುವ ತನಕ ಟ್ರೈ ಹಿಂತೆಗೆಯಬಹುದು, ಒದ್ದ ಮೇಲೆ ಆಗುವುದಿಲ್ಲ. ಅದಕ್ಕೇ ಸಂಶಯದ ಟ್ರೈ ಸಿಕ್ಕಿದ ತಂಡದ ಕಿಕ್ಕರ್ ಕೆಲವೊಮ್ಮೆ ಆತುರಾತುರವಾಗಿ ಒದೆಯುವುದು. ಅವತ್ತು ಫಿಜಿ ಮುಂದಿನ ಸ್ಕ್ರಮ್‌ನಲ್ಲೇ ಚೆಂಡು ಕಿತ್ತುಕೊಂಡಿತು, ವೊಲವೋಲ ಒದ್ದ ಎತ್ತರದ ಚೆಂಡನ್ನು ನೆಮಾನಿ ನಡೋಲೋ ಹಾರಿ ಹಿಡಿದು ಟ್ರೈ ಮಾಡಿಯೇಬಿಟ್ಟರು. ಇಲ್ಲಿ ಯೋಚಿಸಬೇಕಾದ್ದು ಬೇರೆ ಇದೆ. ಯಾವ ರಿಪ್ಲೇ ಯಾವಾಗ ಪರದೆಗೆ ಬರಬೇಕು ಅಂತ ಆರಿಸುವವರು ರೆಫರಿ ಅಲ್ಲ, ಪ್ರಸಾರ ಮಾಡುವವರು. ಆ ಚಿತ್ರ ಅರ್ಧ ನಿಮಿಷ ತಡವಾಗಿ ಬಂದಿದ್ದರೆ ಟ್ರೈ ನಿಲ್ಲುತ್ತಿತ್ತು. ಸಂಶಯ ಪಡುವವರಿಗೆ ಇದು ಒಳ್ಳೆಯ ಮೇವು, ಅದರಲ್ಲೂ ಟಿಎಂಒ ಆತಿಥೇಯ ದೇಶದವರೇ ಆದರೆ. 2021ರಲ್ಲಿ ಕೋವಿಡ್‌ನಿಂದ ನ್ಯೂಜಿಲೆಂಡ್‌ನ ಟಿಎಂಒ ಬರಲಾಗದೆ, ಕೇಪ್ ಟೌನ್‌ನಲ್ಲಿ ಲಯನ್ಸ್ (ಬ್ರಿಟನ್ ಮತ್ತು ಐರ್ಲೆಂಡ್‌ನ ಜಂಟಿ ತಂಡ) ಮತ್ತು ದಕ್ಷಿಣ ಆಫ್ರಿಕಾ ಮೊದಲ ಟೆಸ್ಟ್‌ಗೆ ದಕ್ಷಿಣ ಆಫ್ರಿಕಾದ ಮಾರಿಯಸ್ ಯೊಂಕರ್ ಅವರನ್ನೇ ಕೂರಿಸಬೇಕಾಯಿತು. ಮುಂಚೆಯೇ ದೊಡ್ಡ ಗೊಣಗಾಟ. ಪಂದ್ಯದಲ್ಲಿ ಆದದ್ದು ನೋಡಿ, ದಕ್ಷಿಣ ಆಫ್ರಿಕಾದ ವಿಲ್ಲಿ ಲ ರೂ ಮಾಡಿದ ಟ್ರೈಯನ್ನು ಕೂದಲೆಳೆಯ ಆಫ್‌ಸೈಡ್ ಎಂದು ತಳ್ಳಿಹಾಕಿದ್ದು ಅದೇ ಯೊಂಕರ್. ಈ ಕೆಲಸ ಮಾಡುವವರ ಪ್ರಾಮಾಣಿಕತೆ ಬಗ್ಗೆ ನನಗೆ ಗೌರವ ಬರಲು ಇಂಥವೇ ಕಾರಣ.

ಇನ್ನು ಕಾರ್ಡ್‌ಗಳ ವಿಷಯ. ತಲೆಗೆ ಪೆಟ್ಟು ಬಿದ್ದರೆ ಮೆದುಳಿಗೆ ಏನಾಗುತ್ತದೆ ಅಂತ ಗೊತ್ತಾದ ಮೇಲೆ ಇದನ್ನು ಟಿವಿಯಲ್ಲಿ ನೋಡಲೇಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ರೆಫರಿ ನಾಲ್ಕು ಪ್ರಶ್ನೆ ಕೇಳಿಕೊಳ್ಳುತ್ತಾರೆ. ತಲೆಗೆ ತಗುಲಿತಾ? ತಪ್ಪು ಆಟವಾ? ಅಪಾಯ ಎಷ್ಟು? ರಿಯಾಯಿತಿಗೆ ಕಾರಣ ಇದೆಯಾ? 2023ರಿಂದ ದೊಡ್ಡ ಪಂದ್ಯಗಳಲ್ಲಿ ‘ಬಂಕರ್’ ಬಂದಿದೆ. ರೆಫರಿ ಹಳದಿ ಕಾರ್ಡ್ ತೋರಿಸಿ ಎರಡು ಕೈ ಅಡ್ಡ ಹಿಡಿದರೆ, ಆಟಗಾರ ಹೊರಗೆ ಕೂತಿರುವ ಹತ್ತು ನಿಮಿಷದೊಳಗೆ, ಎಂಟು ನಿಮಿಷದ ಗಡುವಿನಲ್ಲಿ, ಬೇರೆ ಅಧಿಕಾರಿ ಚಿತ್ರ ನೋಡಿ ಹಳದಿಯೋ ಕೆಂಪೋ ಹೇಳುತ್ತಾರೆ. ಆಟ ನಿಲ್ಲುವುದಿಲ್ಲ, ಇದು ದೊಡ್ಡ ಲಾಭ. ಅದೇ ವರ್ಷದ ವಿಶ್ವಕಪ್ ಫೈನಲ್‌ನಲ್ಲಿ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಅವರ ಹಳದಿ ಹೀಗೇ ಕೆಂಪಾಯಿತು. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಅದೇ ಮೊದಲ ಕೆಂಪು ಕಾರ್ಡ್. ದಕ್ಷಿಣ ಆಫ್ರಿಕಾ ನಾಯಕ ಸಿಯಾ ಕೊಲಿಸಿ ಅವರದು ಹಳದಿಯಾಗೇ ಉಳಿಯಿತು. ಆ ಎರಡನ್ನೂ ಪಕ್ಕಪಕ್ಕ ಇಟ್ಟು ಜನ ಇನ್ನೂ ಜಗಳ ಆಡುತ್ತಾರೆ.

ಆದರೆ ಇಲ್ಲೂ ನಿಧಾನಗತಿಯ ಚಿತ್ರ ಮೋಸ ಮಾಡುತ್ತದೆ. 2023ರ ಮಾರ್ಚ್‌ನಲ್ಲಿ ಡಬ್ಲಿನ್‌ನಲ್ಲಿ ಇಂಗ್ಲೆಂಡ್‌ನ ಫ್ರೆಡ್ಡಿ ಸ್ಟೀವರ್ಡ್ ಮೊಣಕೈ ಐರ್ಲೆಂಡ್‌ನ ಹ್ಯೂಗೋ ಕೀನನ್ ತಲೆಗೆ ಬಡಿಯಿತು. ಕೆಂಪು ಕಾರ್ಡ್. ನಿಜವಾದ ವೇಗದಲ್ಲಿ ನೋಡಿದರೆ ಚೆಂಡಿಗಾಗಿ ಓಡಿ ಬಂದವನು ಡಿಕ್ಕಿ ತಪ್ಪಿಸಲಾಗದೆ ಮೈ ತಿರುಗಿಸಿಕೊಂಡದ್ದು ಕಾಣುತ್ತದೆ. ನಿಧಾನ ಮಾಡಿದರೆ ಯೋಚನೆ ಮಾಡಿ ಭುಜ ಕೊಟ್ಟ ಹಾಗೆ ಕಾಣುತ್ತದೆ. ಮುಂದೆ ಶಿಸ್ತು ಸಮಿತಿ ಆ ಕೆಂಪು ಕಾರ್ಡನ್ನು ರದ್ದು ಮಾಡಿತು, ಹಳದಿ ಸಾಕಿತ್ತು ಎಂದಿತು. ಅದೃಷ್ಟದ ವಿಷಯ ಅಂದರೆ ಸಮಿತಿಗೆ ದಿನಗಟ್ಟಲೆ ಸಮಯ ಇರುತ್ತದೆ. ರೆಫರಿಗೆ ಅದು ಇಲ್ಲ. ಎಲ್ಲಿ ತಗುಲಿತು ಅಂತ ನೋಡಲು ನಿಧಾನಗತಿ ಬಳಸಲಿ, ಎಷ್ಟು ಜೋರಾಗಿ ತಗುಲಿತು, ತಪ್ಪಿಸಿಕೊಳ್ಳಲು ಸಮಯ ಇತ್ತಾ ಅನ್ನೋದನ್ನು ನಿಜವಾದ ವೇಗದಲ್ಲೇ ನೋಡಲಿ. ಇದನ್ನು ಎಲ್ಲ ಪಂದ್ಯಗಳಲ್ಲೂ ಕಡ್ಡಾಯ ಮಾಡಬೇಕು ಅನ್ನೋದು ನನ್ನ ಬಲವಾದ ಅಭಿಪ್ರಾಯ.

2023ರ ಆ ವಿಶ್ವಕಪ್ ಫೈನಲ್‌ನ ಇನ್ನೊಂದು ಘಟನೆ ನನಗೆ ಹೆಚ್ಚು ಬೇಸರ ತರಿಸುವುದು. ನ್ಯೂಜಿಲೆಂಡ್‌ನ ಆರನ್ ಸ್ಮಿತ್ ಟ್ರೈ ಮಾಡಿದರು, ರೆಫರಿ ವೇಯ್ನ್ ಬಾರ್ನ್ಸ್ ಕೊಟ್ಟರು. ಟಿಎಂಒ ಟಾಮ್ ಫೋಲಿ ಹಿಂದಕ್ಕೆ ಹೋಗಿ, ಲೈನ್‌ಔಟ್‌ನಲ್ಲಿ ಅದೇ ತಂಡದ ಆರ್ಡೀ ಸವೇಯಾ ಕೈಯಿಂದ ಆದ ನಾಕ್ ಆನ್ (ಚೆಂಡು ಕೈಯಿಂದ ಮುಂದಕ್ಕೆ ಜಾರುವ ತಪ್ಪು) ತೋರಿಸಿದರು. ಟ್ರೈ ಹೋಯಿತು. ನಾಕ್ ಆನ್ ಆಗಿದ್ದು ನಿಜ. ಆದರೆ ಟ್ರೈಗೆ ಮುಂಚಿನ ಎರಡು ಫೇಸ್‌ಗಳೊಳಗಿನ (ಆಟಗಾರನನ್ನು ಒಮ್ಮೆ ಹಿಡಿದು ಕೆಡವಿದಲ್ಲಿಂದ ಮುಂದಿನ ಸಲದವರೆಗೆ ಒಂದು ಫೇಸ್) ನಾಕ್ ಆನ್ ಮಾತ್ರ ಟಿಎಂಒ ನೋಡಬೇಕು ಅನ್ನೋದು ಆಗಿನ ನಿಯಮ, ಇದು ಅದಕ್ಕಿಂತ ಹಿಂದಿನದು. ಪಂದ್ಯ 12-11ಕ್ಕೆ ದಕ್ಷಿಣ ಆಫ್ರಿಕಾ ಪಾಲಾಯಿತು. ಕಣ್ಣಿಗೆ ಕಂಡ ಸತ್ಯ ಸರಿ, ಕೇಳಬಾರದ ಪ್ರಶ್ನೆ ಕೇಳಿದ್ದು ತಪ್ಪು. ಆಮೇಲೆ ಬಂದ ಬೈಗುಳ, ಬೆದರಿಕೆಗಳಿಂದ ಫೋಲಿ ಅಂತರರಾಷ್ಟ್ರೀಯ ಪಂದ್ಯಗಳಿಂದ ದೂರ ಸರಿದರು. ಒಂದು ಆಟಕ್ಕಾಗಿ ಯಾರ ಮನೆಯವರೂ ಅಂಥದ್ದನ್ನು ಅನುಭವಿಸಬಾರದು.

ಈಗ ನಿಮ್ಮ ಎರಡನೇ ಪ್ರಶ್ನೆ, ಕ್ಯಾಪ್ಟನ್ ರಿವ್ಯೂ. ಇದನ್ನು ಪ್ರಯತ್ನಿಸಿದ್ದಾರೆ. ಆಸ್ಟ್ರೇಲಿಯಾದ ರಗ್ಬಿ ಲೀಗ್ ಟೂರ್ನಿ ಎನ್‌ಆರ್‌ಎಲ್‌ನಲ್ಲಿ 2020ರಿಂದ ಇದೆ. ಯೂನಿಯನ್‌ನಲ್ಲಿ 2021ರಲ್ಲಿ ಸೂಪರ್ ರಗ್ಬಿ ಆಟಿಯರೋವಾ ಮತ್ತು ರೇನ್‌ಬೋ ಕಪ್‌ನಲ್ಲಿ ಪರೀಕ್ಷೆ ನಡೆಯಿತು. ಲೀಗ್‌ನಲ್ಲಿ ಆಟ ತುಂಡು ತುಂಡಾಗಿ ನಡೆಯುವುದರಿಂದ ಅದು ಕೂರುತ್ತದೆ, ಕ್ರಿಕೆಟ್‌ನಲ್ಲೂ ಒಂದೊಂದು ಎಸೆತ ಬೇರೆ ಬೇರೆ. ಯೂನಿಯನ್‌ನಲ್ಲಿ ಆಟ ಹರಿಯುತ್ತಲೇ ಇರುತ್ತದೆ. ನೆಲದ ಮೇಲಿನ ಚೆಂಡಿಗಾಗಿ ತಳ್ಳಾಡುವ ಒಂದೊಂದು ರಕ್‌ನಲ್ಲೂ ಹುಡುಕಿದರೆ ಏನಾದರೊಂದು ತಪ್ಪು ಸಿಕ್ಕೇ ಸಿಗುತ್ತದೆ. ಎದುರಾಳಿ ಟ್ರೈ ಮಾಡಿದ ಮೇಲೆ ಕ್ಯಾಪ್ಟನ್ ಕೈಗೆ ರಿವ್ಯೂ ಕೊಟ್ಟರೆ ಆತ ಟ್ರೈ ಬಗ್ಗೆ ಕೇಳುವುದಿಲ್ಲ, ಅರ್ಧ ನಿಮಿಷ ಹಿಂದೆ ಮೈದಾನದ ಇನ್ನೊಂದು ತುದಿಯಲ್ಲಿ ಚೆಂಡು ಬೆರಳಿಗೆ ಸವರಿತಾ ಅಂತ ಕೇಳುತ್ತಾನೆ. ಸವೇಯಾ ನಾಕ್ ಆನ್‌ನಂಥದ್ದು ಪ್ರತಿ ಪಂದ್ಯದಲ್ಲೂ ಬರುತ್ತದೆ.

ನನ್ನನ್ನು ಕೇಳಿದರೆ ರಿವ್ಯೂ ಕೊಡಲಿ, ಆದರೆ ಎರಡೇ ವಿಷಯಕ್ಕೆ: ಟ್ರೈ ಆದ ಕೊನೆಯ ಚಲನೆ, ಮತ್ತು ಯಾರೂ ನೋಡದೆ ಹೋದ ಅಪಾಯಕಾರಿ ಆಟ. ಜೊತೆಗೆ ಕೊನೆಯ ಐದು ನಿಮಿಷದ ಪೆನಾಲ್ಟಿ ಒಂದನ್ನು ಸೇರಿಸಬಹುದು, 2015ರ ಸ್ಕಾಟ್ಲೆಂಡ್ ಕಥೆ ಮತ್ತೆ ಆಗದಿರಲಿ ಅಂತ. ಸೂಪರ್ ರಗ್ಬಿ ಪೆಸಿಫಿಕ್‌ನವರು 2023ರಲ್ಲೇ, ಗಂಭೀರವಾದ ಸ್ಪಷ್ಟ ತಪ್ಪು ಆಟ ಕಂಡರೆ ಮಾತ್ರ ಟಿಎಂಒ ಆಟದ ಮಧ್ಯೆ ಬಾಯಿ ಹಾಕಲಿ ಅಂತ ಕಟ್ಟು ಮಾಡಿದರು. ಆ ಪಂದ್ಯಗಳನ್ನೂ ಸಿಕ್ಸ್ ನೇಷನ್ಸ್ ಪಂದ್ಯಗಳನ್ನೂ ಒಂದಾದ ಮೇಲೊಂದು ನೋಡಿ, ಆಟ ಎಷ್ಟು ಹೊತ್ತು ನಿಂತಿರುತ್ತದೆ ಅನ್ನೋದು ನಿಮಗೇ ತಿಳಿಯುತ್ತದೆ. ನೋಡುವಾಗ ರೆಫರಿ ಚೌಕ ಬರೆದ ಕೂಡಲೇ ರಿಪ್ಲೇ ಕಡೆ ಕಣ್ಣು ಹಾಯಿಸಬೇಡಿ, ಮೊದಲು ಅವರು ಟಿಎಂಒಗೆ ಏನು ಹೇಳುತ್ತಾರೆ ಅಂತ ಕೇಳಿಸಿಕೊಳ್ಳಿ. ಸ್ಕಾಟ್ಲೆಂಡ್-ಫ್ರಾನ್ಸ್ ಕ್ಲಿಪ್ ಅನ್ನೂ ಹಾಗೆಯೇ ಇನ್ನೊಮ್ಮೆ ಹಾಕಿ, ಬೆರಿ ಮಾತಿನಿಂದ ಶುರು ಮಾಡಿ ನೋಡಿ. ಆಮೇಲೂ ಮ್ಯಾಕ್‌ನೀಸ್ ಟ್ರೈ ಕೊಡಬೇಕಿತ್ತು ಅಂತ ಅನ್ನಿಸಿದರೆ, ಯಾವ ಕೋನದ ಯಾವ ಚಿತ್ರದಲ್ಲಿ ಚೆಂಡು ಹುಲ್ಲಿಗೆ ತಾಗಿದ್ದು ಕಂಡಿತು ಅಂತ ಬರೆದು ಕಳಿಸಿ, ಖಂಡಿತ ನೋಡುತ್ತೇನೆ.